ಕತ್ತಲೆಗೆ ಬಾಡಿಗೆ ಇಲ್ಲ

ನಾನು ಪುತ್ತೂರಿನ ಒಂದು ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವಳು. ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ದುಬಾರಿ ಬೆಳಕು. ಲೈಟಿಗೆ ದಿನಬಾಡಿಗೆ, ಅದನ್ನು ಹಿಡಿದು ನಿಲ್ಲುವ ಹುಡುಗನಿಗೆ ಸಂಬಳ. ಇಷ್ಟಾದ ಮೇಲೂ ಮದುಮಗನ ಸೋದರಮಾವನ ಮುಖ ಕಪ್ಪಾಗಿ ಬಂದರೆ ಫೋನ್ ಮೇಲೆ ಫೋನ್. ರಾತ್ರಿ ಊಟ ಮುಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ನನ್ನ ದೆವ್ವದ ಕಿರುಚಿತ್ರ ತೆರೆದು ಕೂರುತ್ತೇನೆ. ಅಲ್ಲಿ ಲೆಕ್ಕ ಉಲ್ಟಾ. ಯಾರ ಮುಖವೂ ಸರಿಯಾಗಿ ಕಾಣಬಾರದು. ಬಲ್ಬು ಆರಿಸಿದಷ್ಟೂ ಲಾಭ. ಕತ್ತಲೆಗೆ ಯಾರೂ ಬಾಡಿಗೆ ಕೇಳುವುದಿಲ್ಲ.

ಈ ಚಟ ಹತ್ತಿದ ಮೇಲೆ ಹಾರರ್ ಸಿನಿಮಾ ನೋಡುವ ರೀತಿಯೇ ಬದಲಾಯಿತು. ದೆವ್ವ ಬರುವ ಹೊತ್ತಿಗೆ ಕಣ್ಣು ಮುಚ್ಚುವ ಬದಲು, ಇದಕ್ಕೆಷ್ಟು ಖರ್ಚಾಗಿದ್ದೀತು ಎಂದು ಲೆಕ್ಕ ಹಾಕುತ್ತೇನೆ. ಹಾಗೆ ಲೆಕ್ಕ ಹಾಕುತ್ತ ಹಳೆಯ ಚಿತ್ರಗಳನ್ನು ಹುಡುಕಿ ನೋಡಿ, ಸಿಕ್ಕಿದ್ದನ್ನೆಲ್ಲ ಓದಿ, ನನಗೆ ಒಂದು ವಿಷಯ ಖಾತ್ರಿಯಾಗಿದೆ: ಹೆದರಿಸುವ ಕಸುಬಿನ ಒಳ್ಳೊಳ್ಳೆ ಉಪಾಯಗಳನ್ನು ಕಂಡುಹಿಡಿದವರಲ್ಲಿ ಹೆಚ್ಚಿನವರು ಕೈಯಲ್ಲಿ ಕಾಸಿಲ್ಲದವರು. ಕಾಸಿದ್ದವರು ಆಮೇಲೆ ಬಂದು ಅದನ್ನೇ ದೊಡ್ಡದಾಗಿ ಮಾಡಿ ಕೆಡಿಸಿದರು.

ನಮ್ಮ ಕಡೆಯಿಂದಲೇ ಶುರುಮಾಡುತ್ತೇನೆ. ದಕ್ಷಿಣ ಕನ್ನಡದಲ್ಲಿ ಹೆದರಿಕೆ ಸಿನಿಮಾಕ್ಕಿಂತ ಎಷ್ಟೋ ಮೊದಲೇ ರಂಗಸ್ಥಳಕ್ಕೆ ಬಂದಿತ್ತು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವನ್ನು ನೆನಪಿಸಿಕೊಳ್ಳಿ. ಕುಂಭಕರ್ಣ, ಮೈರಾವಣ, ಇಲ್ಲವೇ ಹೆಣ್ಣುಬಣ್ಣದ ಶೂರ್ಪನಖಿ. ಚೌಕಿಯಲ್ಲಿ ಕಲಾವಿದ ಗಂಟೆಗಟ್ಟಲೆ ಕೂತು, ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿದ ಚಿಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಡುತ್ತಾನೆ. ಮುಖವೆಲ್ಲ ಮುಳ್ಳು. ಆದರೆ ಅಷ್ಟು ಕಷ್ಟಪಟ್ಟು ಮಾಡಿದ ಮುಖವನ್ನು ಆತ ಕೂಡಲೇ ತೋರಿಸುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಅಬ್ಬರ ಕೇಳುತ್ತದೆ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಂಡು ಮರೆಯಾಗುತ್ತದೆ, ಚೆಂಡೆ ಏರುತ್ತದೆ, ಯಾರೋ ದೊಂದಿಗೆ ರಾಳದ ಪುಡಿ ಎರಚಿ ಭಗ್ಗೆಂದು ಬೆಂಕಿ ಎಬ್ಬಿಸುತ್ತಾರೆ. ಆ ಕ್ಷಣ ಮಾತ್ರ ಬೆಳಕು, ಮತ್ತೆ ಹೊಗೆ. ನಡುರಾತ್ರಿ ದಾಟಿದ ಹೊತ್ತಿನಲ್ಲಿ, ಅರೆನಿದ್ದೆಯಲ್ಲಿದ್ದ ಮಕ್ಕಳು ಚೀರಿ ಅಜ್ಜಿಯ ಸೆರಗು ಹಿಡಿಯುವುದಕ್ಕೆ ಅಷ್ಟು ಸಾಕು. ಈಗ ಕಾಲಮಿತಿಯ ಆಟ, ರಂಗಸ್ಥಳದ ತುಂಬ ಎಲ್‌ಇಡಿ ಬೆಳಕು. ರಕ್ಕಸನ ಮುಖದ ಒಂದೊಂದು ಚಿಟ್ಟಿಯನ್ನೂ ಎಣಿಸಬಹುದು. ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಹೆದರಿಕೆ ಮಾತ್ರ ಬರುವುದಿಲ್ಲ.

ಇದೇ ರಾಳ-ಹೊಗೆಯ ವಿದ್ಯೆಯನ್ನು ಬೆಲ್ಜಿಯಂ ಮೂಲದ ರಾಬರ್ಟ್‌ಸನ್ ಎಂಬಾತ ಹದಿನೆಂಟನೆಯ ಶತಮಾನದ ಕೊನೆಗೆ ಪ್ಯಾರಿಸ್‌ನಲ್ಲಿ ಟಿಕೆಟ್ ಇಟ್ಟು ಮಾರಿದ. 1799ರಲ್ಲಿ ಅವನಿಗೆ ಸಿಕ್ಕ ಜಾಗ ಸನ್ಯಾಸಿಗಳು ಬಿಟ್ಟುಹೋದ ಒಂದು ಹಳೆಯ ಮಠ. ಗಾಜಿನ ಮೇಲೆ ಬರೆದ ಪ್ರೇತದ ಚಿತ್ರ, ಅದರ ಹಿಂದೆ ದೀಪ, ಇಡೀ ಪೆಟ್ಟಿಗೆಗೆ ಚಕ್ರ. ಪರದೆಯ ಹಿಂದೆ ಪೆಟ್ಟಿಗೆಯನ್ನು ಎಳೆದಂತೆ ಪ್ರೇತ ದೊಡ್ಡದಾಗುತ್ತ ಜನರ ಮೈಮೇಲೆ ಬಂದಂತೆ ಕಾಣುತ್ತಿತ್ತು. ಕ್ರಾಂತಿಯಲ್ಲಿ ತಲೆ ಉರುಳುವುದನ್ನು ಕಣ್ಣಾರೆ ಕಂಡ ಊರು ಅದು. ಆ ಜನ ದೀಪದ ಪೆಟ್ಟಿಗೆಗೆ ಹೆದರಿದರಂತೆ. ನನಗೇನೂ ಆಶ್ಚರ್ಯವಿಲ್ಲ. ಕಂಡದ್ದಕ್ಕೆ ಮನುಷ್ಯ ಒಗ್ಗಿಕೊಳ್ಳುತ್ತಾನೆ, ಅರ್ಧ ಕಂಡದ್ದಕ್ಕೆ ಒಗ್ಗಿಕೊಳ್ಳುವುದು ಕಷ್ಟ.

ಸಿನಿಮಾ ಹುಟ್ಟಿದ ಮೇಲೆ ಈ ವಿದ್ಯೆಯನ್ನು ಚೆನ್ನಾಗಿ ಕಲಿತವರು ಜರ್ಮನರು. ಮೊದಲ ಮಹಾಯುದ್ಧ ಸೋತು ಕುಳಿತ ದೇಶ. 1920ರ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ' ಚಿತ್ರದಲ್ಲಿ ನೆರಳುಗಳನ್ನೇ ಸೆಟ್ಟಿನ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ದೀಪ ಎಲ್ಲಿಟ್ಟರೂ ನೆರಳು ಹೇಳಿದ ಕಡೆಯೇ ಬೀಳುತ್ತದೆ! ಎರಡು ವರ್ಷದ ಮೇಲೆ ಮುರ್ನಾವ್ 'ನೊಸ್ಫೆರಾಟು' ಮಾಡಿದ. ಅದು ಬ್ರಾಮ್ ಸ್ಟೋಕರನ 'ಡ್ರಾಕುಲಾ' ಕಾದಂಬರಿಯೇ. ಆದರೆ ಹಕ್ಕು ಕೊಳ್ಳಲಿಲ್ಲ. ಹೆಸರುಗಳನ್ನು ಬದಲಿಸಿ, ಡ್ರಾಕುಲಾನನ್ನು ಕೌಂಟ್ ಓರ್ಲಾಕ್ ಎಂದು ಕರೆದರು. ಸ್ಟೋಕರನ ವಿಧವೆ ಫ್ಲಾರೆನ್ಸ್ ಬಿಡಲಿಲ್ಲ, ಕೋರ್ಟಿಗೆ ಹೋದಳು. ನಿರ್ಮಾಣ ಸಂಸ್ಥೆ ದಿವಾಳಿಯೆದ್ದಿತ್ತು, ದುಡ್ಡು ಹುಟ್ಟುವಂತಿರಲಿಲ್ಲ. 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಎಂದು ಆದೇಶವಾಯಿತು. ಅಲ್ಲಿಲ್ಲಿ ಉಳಿದ ಪ್ರತಿಗಳಿಂದ ಚಿತ್ರ ಬದುಕಿಕೊಂಡಿತು. ಹಕ್ಕಿನ ವಿಷಯದಲ್ಲಿ ನಾನು ಫ್ಲಾರೆನ್ಸಳ ಪಕ್ಷ. ಆದರೂ ಮೆಟ್ಟಿಲಿನ ಗೋಡೆಯ ಮೇಲೆ ಆ ಉದ್ದ ಉಗುರಿನ ನೆರಳು ಏರುವುದನ್ನು ನೋಡುವಾಗ, ಅವಳ ಆದೇಶ ಪೂರ್ತಿ ಜಾರಿಯಾಗದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಜರ್ಮನಿಯ ಈ ನೆರಳು ಹಡಗು ಹತ್ತಿ ಮುಂಬಯಿಗೂ ಬಂತು. ಮ್ಯೂನಿಕ್‌ನ ಜೋಸೆಫ್ ವಿರ್ಶಿಂಗ್ ಬಾಂಬೆ ಟಾಕೀಸ್‌ನ ಛಾಯಾಗ್ರಾಹಕನಾಗಿದ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅವನನ್ನು ಶತ್ರುದೇಶದವನೆಂದು ಬಂಧನದಲ್ಲಿಟ್ಟರು. ಬಿಡುಗಡೆಯ ಮೇಲೆ ಅವನು ಚಿತ್ರೀಕರಿಸಿದ್ದು ಕಮಾಲ್ ಅಮ್ರೋಹಿಯ 'ಮಹಲ್', 1949ರಲ್ಲಿ. ಹಳೆಯ ಬಂಗಲೆ, ತೂಗುವ ಉಯ್ಯಾಲೆ, ಕೈಯಲ್ಲಿ ದೀಪ ಹಿಡಿದ ಮಧುಬಾಲಾ. ಹಿಂದಿ ಸಿನಿಮಾದ ದೆವ್ವದ ಮನೆಗಳೆಲ್ಲ ಈ ಮನೆಯ ಮಕ್ಕಳು ಮೊಮ್ಮಕ್ಕಳು. ಅದರಲ್ಲಿ ನನಗೆ ಇಷ್ಟವಾದ ಉಪಾಯ ಕಣ್ಣಿನದಲ್ಲ, ಕಿವಿಯದು. ಅದರ ಪ್ರಸಿದ್ಧ ಹಾಡಿನ ಆರಂಭದಲ್ಲಿ ದನಿ ದೂರದಿಂದ ಹತ್ತಿರಕ್ಕೆ ಬರಬೇಕಿತ್ತು. ಲತಾ ಮಂಗೇಶ್ಕರ್ ಕೋಣೆಯ ಮೂಲೆಯಿಂದ ಹಾಡುತ್ತ ಮೈಕಿನ ಕಡೆಗೆ ನಡೆದು ಬಂದರು. ಯಂತ್ರ ಬೇಡ, ಕಾಸು ಬೇಡ, ಕಾಲಿದ್ದರೆ ಸಾಕು. ನಾನೂ ಚಿಕ್ಕಪ್ಪನ ಮಗಳನ್ನು ಅಡಿಕೆ ಅಂಗಳದ ಆ ತುದಿಯಿಂದ ಲಾಲಿ ಹಾಡುತ್ತ ನಡೆಸಿ, ಈ ತುದಿಯಲ್ಲಿ ಮೊಬೈಲ್ ಇಟ್ಟು ಧ್ವನಿ ಹಿಡಿದಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ವಾಲ್ಯೂಮ್ ಏರಿಸಿದರೆ ಸದ್ದು ದೊಡ್ಡದಾಗುತ್ತದೆಯೇ ಹೊರತು ಹತ್ತಿರ ಬರುವುದಿಲ್ಲ.

ಅಮೆರಿಕದಲ್ಲಿ ಇದೇ ವಿದ್ಯೆಯನ್ನು ಪಳಗಿಸಿದವನು ವಾಲ್ ಲ್ಯೂಟನ್. 'ಸಿಟಿಜನ್ ಕೇನ್' ನಷ್ಟದಿಂದ ಸುಸ್ತಾಗಿದ್ದ ಆರ್‌ಕೆಒ ಸ್ಟುಡಿಯೊ ಅವನಿಗೆ ಕೊಟ್ಟದ್ದು ಸಣ್ಣ ಬಜೆಟ್ ಮತ್ತು ತಾನೇ ಆರಿಸಿದ ಒಂದು ಶೀರ್ಷಿಕೆ: 'ಕ್ಯಾಟ್ ಪೀಪಲ್'. ಹೆಸರು ಕೇಳಿದರೆ ಯಾರಾದರೂ ಬೆಕ್ಕಿನ ಮುಖವಾಡ ಹುಡುಕಿಕೊಂಡು ಹೋಗುತ್ತಿದ್ದರು. ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಹಾಗೆ ಮಾಡಲಿಲ್ಲ. 1942ರ ಆ ಚಿತ್ರದಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆದು ಬರುತ್ತಿದ್ದಾಳೆ. ಹಿಂದೆ ಇನ್ನೊಬ್ಬಳ ಹೆಜ್ಜೆ ಸದ್ದು. ಆ ಸದ್ದು ನಿಲ್ಲುತ್ತದೆ. ಏನಿದು ಎಂದು ಅವಳು ತಿರುಗುವ ಹೊತ್ತಿಗೆ ಬುಸ್ಸೆಂದು ಚೌಕಟ್ಟಿನೊಳಗೆ ನುಗ್ಗುವುದು ಒಂದು ಬಸ್ಸು, ಅಷ್ಟೆ. ಇಡೀ ಥಿಯೇಟರ್ ಕುರ್ಚಿಯಿಂದ ಎದ್ದಿತು. ಅದನ್ನು ಕೂಡಿಸಿದ್ದು ಎಡಿಟರ್ ಮಾರ್ಕ್ ರಾಬ್ಸನ್. ಇವತ್ತಿನ ಹಾರರ್ ಚಿತ್ರಗಳಲ್ಲಿ ಎರಡೆರಡು ನಿಮಿಷಕ್ಕೆ ಬೆಚ್ಚಿಬೀಳಿಸುವ ಎಲ್ಲ ಗದ್ದಲಕ್ಕೂ ಆ ಬಸ್ಸೇ ಮುತ್ತಜ್ಜ. ಒಂದು ವ್ಯತ್ಯಾಸವಿದೆ. ರಾಬ್ಸನ್ ಆ ಬಸ್ಸು ಬರುವ ಮೊದಲು ನಮ್ಮನ್ನು ಎಷ್ಟು ಹೊತ್ತು ಕಾಯಿಸಿದ ಎಂಬುದನ್ನು ಇವರು ಗಮನಿಸಲೇ ಇಲ್ಲ.

ಪುಸ್ತಕದ ವಿಷಯ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಹೆದರಿಕೆಯ ಅಕ್ಷರಾಭ್ಯಾಸ ಆದದ್ದು ದೊಡ್ಡಮ್ಮನ ಕಪಾಟಿನಲ್ಲಿ. ಅಲ್ಲಿ ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿ ಮುಚ್ಚುವಾಗ ಕಿಲೊ ಲೆಕ್ಕದಲ್ಲಿ ತಂದ ಕಾದಂಬರಿಗಳಿದ್ದವು. ಅದರಲ್ಲಿ ರಟ್ಟು ಹರಿದ 'ತುಳಸಿದಳ'. ತೆಲುಗಿನ ಯಂಡಮೂರಿ ವೀರೇಂದ್ರನಾಥರ ಈ ಕಾದಂಬರಿ ಕನ್ನಡಕ್ಕೆ ಬಂದು ಮನೆಮನೆ ಹೊಕ್ಕಿತು, 1985ರಲ್ಲಿ ಕನ್ನಡ ಸಿನಿಮಾವೂ ಆಯಿತು. ಪುಟ್ಟ ಹುಡುಗಿಯ ಮೇಲೆ ಕಾಷ್ಮೋರಾ ಪ್ರಯೋಗ. ಇದು ಮಾಟವೋ ಕಾಯಿಲೆಯೋ ಎಂದು ಮಂತ್ರವಾದಿಯನ್ನೂ ಡಾಕ್ಟರನ್ನೂ ಅಕ್ಕಪಕ್ಕ ನಿಲ್ಲಿಸುವ ಕಥೆ. ಆ ಪ್ರತಿಯ ಅಂಚುಗಳಲ್ಲಿ ಹಿಂದಿನ ಓದುಗರು ಪೆನ್ಸಿಲಿನಲ್ಲಿ ಬರೆದ ಸಾಲುಗಳಿದ್ದವು. 'ರಾತ್ರಿ ಓದಬೇಡಿ' ಎಂದು ಒಬ್ಬರು. ಅದರ ಕೆಳಗೆ ಬೇರೆ ಅಕ್ಷರದಲ್ಲಿ, 'ಓದಿದೆ'. ಮೂಢನಂಬಿಕೆ ಬೆಳೆಸುವ ಪುಸ್ತಕ ಎಂದು ಅದನ್ನು ಬೈದವರಿದ್ದಾರೆ, ಬೈಗುಳದಲ್ಲಿ ಹುರುಳೂ ಇದೆ. ಆದರೆ ಒಂದು ತಲೆಮಾರಿನ ಹೆಂಗಸರು ಅಡುಗೆಮನೆಯ ಕೆಲಸ ಮುಗಿಸಿ, ಗಂಡ ಮಕ್ಕಳು ಮಲಗಿದ ಮೇಲೆ, ಹೆದರಿಕೊಂಡೇ ಕಾದಂಬರಿ ಓದುವ ರುಚಿ ಹತ್ತಿಸಿಕೊಂಡದ್ದೂ ಇಂಥ ಪುಸ್ತಕಗಳಿಂದ.

ಪುಸ್ತಕಕ್ಕಂತೂ ಬಂಡವಾಳವೇ ಬೇಡ. 1816ರಲ್ಲಿ ಜಿನೀವಾ ಸರೋವರದ ದಂಡೆಯಲ್ಲಿ, ಮಳೆ ಬಿಡದೆ ಮನೆಯೊಳಗೇ ಕೂತಿದ್ದ ಗೆಳೆಯರು ಒಬ್ಬೊಬ್ಬರೂ ಒಂದು ಪ್ರೇತದ ಕಥೆ ಬರೆಯಬೇಕೆಂದು ಪಂಥ ಕಟ್ಟಿದರು. ಬೈರನ್, ಶೆಲ್ಲಿಯಂಥ ಹೆಸರಾಂತ ಕವಿಗಳ ನಡುವೆ ಹದಿನೆಂಟು ವರ್ಷದ ಹುಡುಗಿ ಮೇರಿ. ಕವಿಗಳು ಅರ್ಧಕ್ಕೇ ಕೈಬಿಟ್ಟರು. ಅವಳು ಬರೆದದ್ದು ಎರಡು ವರ್ಷದ ಮೇಲೆ 'ಫ್ರಾಂಕೆನ್‌ಸ್ಟೈನ್' ಆಗಿ ಅಚ್ಚಾಯಿತು, ಮೊದಲ ಮುದ್ರಣದಲ್ಲಿ ಅವಳ ಹೆಸರೂ ಇರಲಿಲ್ಲ. 'ಡ್ರಾಕುಲಾ' ಬಂದದ್ದು 1897ರಲ್ಲಿ. ಅದನ್ನು ನಾನು ಎಡಿಟರ್ ಕಣ್ಣಿನಿಂದ ಓದಿ ಬೆರಗಾದೆ. ಇಡೀ ಕಾದಂಬರಿ ದಿನಚರಿ, ಕಾಗದ, ತಂತಿ, ಪತ್ರಿಕೆಯ ತುಣುಕು, ಫೋನೋಗ್ರಾಫ್ ಮುದ್ರಣ, ಇವುಗಳನ್ನು ಜೋಡಿಸಿದ ಕಡತ. ಕಥೆ ಹೇಳುವ ಲೇಖಕ ಎಲ್ಲೂ ಇಲ್ಲ, ನಡೆದದ್ದಕ್ಕೆ ದಾಖಲೆ ಮಾತ್ರ ಇದೆ. ನೂರು ವರ್ಷದ ಮೇಲೆ ಕಾಡಿನಲ್ಲಿ ಸಿಕ್ಕಿದ ಟೇಪ್ ಎಂದು ಹೇಳಿಕೊಂಡು ಬಂದ ಸಿನಿಮಾಗಳ ಬೀಜ ಇಲ್ಲೇ ಬಿದ್ದಿತ್ತು.

ಈಗ ನನ್ನ ಕುಲದ ಮೂಲಪುರುಷನಿಗೆ ಬರುತ್ತೇನೆ. ಜಾರ್ಜ್ ರೊಮೇರೊ ಪಿಟ್ಸ್‌ಬರ್ಗ್‌ನಲ್ಲಿ ಗೆಳೆಯರೊಂದಿಗೆ ಜಾಹೀರಾತು ಚಿತ್ರಗಳನ್ನು ಮಾಡಿ ಹೊಟ್ಟೆ ಹೊರೆಯುತ್ತಿದ್ದವನು. ಮಕ್ಕಳ ಟಿವಿ ಕಾರ್ಯಕ್ರಮವೊಂದಕ್ಕೆ ಟಾನ್ಸಿಲ್ ಆಪರೇಷನ್ ಬಗ್ಗೆ ಕಿರುಚಿತ್ರ ಮಾಡಿಕೊಟ್ಟದ್ದೂ ಉಂಟು. ಮದುವೆ ವಿಡಿಯೊ ಮಾಡುವ ನಮಗೂ ಅವನಿಗೂ ಏನು ವ್ಯತ್ಯಾಸ? ಹಾಲಿವುಡ್ ಅಲ್ಲಿಂದ ಸಾವಿರಾರು ಮೈಲಿ ದೂರ. ಹತ್ತು ಜನ ಸೇರಿ ತಲಾ 600 ಡಾಲರ್ ಹಾಕಿ ಕಂಪನಿ ಮಾಡಿಕೊಂಡರು. ಆಮೇಲೆ ಪರಿಚಯದವರಿಂದೆಲ್ಲ ಎತ್ತಿ, ಸುಮಾರು 1,14,000 ಡಾಲರ್‌ನಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮುಗಿಸಿದರು. ಬಿಡುಗಡೆ 1968ರಲ್ಲಿ.

ಅದರ ಒಂದೊಂದು ಗುಣವೂ ಒಂದೊಂದು ಕೊರತೆಯಿಂದ ಬಂದದ್ದು. ಬಣ್ಣಕ್ಕೆ ದುಡ್ಡಿಲ್ಲ, ಹಾಗಾಗಿ ಕಪ್ಪು ಬಿಳುಪು. ಕಪ್ಪು ಬಿಳುಪಿನಿಂದಲೇ ಅದು ಟಿವಿ ವಾರ್ತೆಯಂತೆ ಕಾಣುತ್ತದೆ. ವಿಯೆಟ್ನಾಂ ಯುದ್ಧವನ್ನು ದಿನವೂ ಟಿವಿಯಲ್ಲಿ ನೋಡುತ್ತಿದ್ದ ಜನಕ್ಕೆ ಅದು ಕಥೆ ಅನ್ನಿಸಲಿಲ್ಲ. ರಕ್ತಕ್ಕೆ ಚಾಕೊಲೇಟ್ ಸಿರಪ್, ಕಪ್ಪು ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ. ಹಣ ಹಾಕಿದವರಲ್ಲಿ ಮಾಂಸದ ವ್ಯಾಪಾರಿಯೊಬ್ಬನಿದ್ದ, ಹಾಗಾಗಿ ಕರುಳಿಗೆ ಬರ ಬರಲಿಲ್ಲ. ಶೂಟಿಂಗ್ ಮಾಡಿದ ತೋಟದ ಮನೆ ಹೇಗೂ ಕೆಡವಲಿದ್ದದ್ದು, ಬಾಗಿಲು ಕಿಟಕಿ ಮುರಿದರೆ ಕೇಳುವವರಿಲ್ಲ. ಸ್ಥಳೀಯ ಟಿವಿಯಲ್ಲಿ ದೆವ್ವದ ಸಿನಿಮಾಗಳ ಕಾರ್ಯಕ್ರಮ ನಡೆಸುತ್ತಿದ್ದ ಬಿಲ್ ಕಾರ್ಡಿಲ್ ಬಂದು ವರದಿಗಾರನ ಪಾತ್ರ ಮಾಡಿದ. ನಾಯಕನಾಗಿ ಡ್ವೇನ್ ಜೋನ್ಸ್ ಎಂಬ ಕಪ್ಪು ನಟ. ಪಾತ್ರವನ್ನು ಕಪ್ಪು ಜನಾಂಗದವನೆಂದು ಬರೆದಿರಲೇ ಇಲ್ಲ. ಆ ಕಾಲದ ಅಮೆರಿಕದಲ್ಲಿ, ಬಿಳಿಯರು ತುಂಬಿದ ಮನೆಯಲ್ಲಿ ಅವನು ಅಪ್ಪಣೆ ಕೊಡುವುದೇ ಒಂದು ನಡುಕ. ಕೊನೆಯಲ್ಲಿ ಅವನಿಗೇನಾಗುತ್ತದೆ ಎಂದು ನೋಡದವರಿಗೆ ಹೇಳುವುದಿಲ್ಲ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ, ಕಾರಣ ಶವಗಳಲ್ಲ.

ಒಂದು ಎಡವಟ್ಟೂ ಆಯಿತು. ವಿತರಕರು ಚಿತ್ರದ ಹೆಸರು ಬದಲಿಸುವಾಗ ಹೊಸ ಶೀರ್ಷಿಕೆಯ ಜೊತೆ ಕಾಪಿರೈಟ್ ಸೂಚನೆ ಹಾಕುವುದನ್ನು ಮರೆತರು. ಅಂದಿನ ಕಾನೂನಿನಲ್ಲಿ ಅಷ್ಟಕ್ಕೇ ಹಕ್ಕು ಹೋಯಿತು. ಯಾರು ಬೇಕಾದರೂ ಪ್ರದರ್ಶಿಸಬಹುದು, ಮಾರಬಹುದು. ಮಾಡಿದವರಿಗೆ ನಷ್ಟ, ಆದರೆ ಸಿನಿಮಾ ಲೋಕದ ಮೂಲೆಮೂಲೆಗೆ ಹರಡಿತು. ನನ್ನಂಥವರಿಗೆ ಅದೊಂದು ಪಾಠದ ಪುಸ್ತಕ. ಪೂರ್ತಿ ಚಿತ್ರವನ್ನು ಇಳಿಸಿಕೊಂಡು, ಕಂಪ್ಯೂಟರಿಗೆ ಹಾಕಿ, ಒಂದೊಂದು ಶಾಟನ್ನೂ ಬಿಚ್ಚಿ ನೋಡಿದೆ. ಬಾಗಿಲಿಗೆ ಹಲಗೆ ಹೊಡೆಯುವ ದೃಶ್ಯಗಳೆಷ್ಟು! ಪರದೆಯ ಮೇಲೆ ಏನೂ ನಡೆಯುತ್ತಿಲ್ಲ, ಮೊಳೆ ಹೊಡೆಯುತ್ತಿದ್ದಾರೆ ಅಷ್ಟೆ. ಆ ಮೊಳೆಗಳನ್ನು ಕತ್ತರಿಸಿ ತೆಗೆದು ನೋಡಿದರೆ ಮುಂದಿನ ಹೆದರಿಕೆಯೂ ಜೊತೆಗೇ ಹೋಯಿತು.

ಹತ್ತು ವರ್ಷ ಕಳೆದು ಮಿಶಿಗನ್‌ನ ಹುಡುಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ಯಾಮ್ ರೈಮಿ, ಬ್ರೂಸ್ ಕ್ಯಾಂಪ್‌ಬೆಲ್ ಮತ್ತು ಗೆಳೆಯರು ಹೈಸ್ಕೂಲಿನಿಂದಲೇ ಸೂಪರ್-8 ಕ್ಯಾಮೆರಾದಲ್ಲಿ ನಗೆ ಚಿತ್ರಗಳನ್ನು ಮಾಡುತ್ತಿದ್ದವರು. ಹಾರರ್ ಆದರೆ ಹಣ ಹುಟ್ಟುತ್ತದೆಂದು 1978ರಲ್ಲಿ 'ವಿದಿನ್ ದಿ ವುಡ್ಸ್' ಎಂಬ ಅರ್ಧ ಗಂಟೆಯ ಮಾದರಿ ಮಾಡಿ, ಅದನ್ನು ಊರಿನ ವಕೀಲರಿಗೆ, ಡಾಕ್ಟರುಗಳಿಗೆ ತೋರಿಸಿ ದುಡ್ಡು ಎತ್ತಿದರು. ಟೆನೆಸಿಯ ಕಾಡಿನ ಒಂದು ಪಾಳು ಮನೆಯಲ್ಲಿ ಚಳಿಗಾಲವಿಡೀ ಕೂತು 'ದಿ ಈವಿಲ್ ಡೆಡ್' ಮುಗಿಸಿದಾಗ ರೈಮಿಗೆ ಇಪ್ಪತ್ತರ ಆಸುಪಾಸು. ಕ್ಯಾಮೆರಾ ಓಡಿಸಲು ಬೇಕಾದ ಸ್ಟೆಡಿಕ್ಯಾಮ್ ಕೈಗೆಟುಕದು. ಅದಕ್ಕೆ ಮರದ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿಯನ್ನು ಇಬ್ಬರು ಹಿಡಿದು, ಕಾಡಿನಲ್ಲಿ ಬಿದ್ದಂಬೀಳ ಓಡಿದರು. ತೆರೆಯ ಮೇಲೆ ಅದು ಕಾಣದ ಪಿಶಾಚಿಯ ಕಣ್ಣೋಟವಾಯಿತು. ಪಿಶಾಚಿಯ ವೇಷಕ್ಕೆ ಆಗುವ ಖರ್ಚೂ ಉಳಿಯಿತು. ಜೋಳದ ಸಿರಪ್ಪಿನ ರಕ್ತ ಒಣಗಿ ಕ್ಯಾಂಪ್‌ಬೆಲ್‌ನ ಅಂಗಿ ರಟ್ಟಿನಂತೆ ಗಟ್ಟಿಯಾಗಿ ಮುರಿದೇ ಹೋಯಿತಂತೆ. ಸ್ಟೀಫನ್ ಕಿಂಗ್ ಆ ಚಿತ್ರವನ್ನು ನೋಡಿ ಹೊಗಳಿ ಬರೆದ ಮೇಲೆ ಅದಕ್ಕೆ ದಾರಿ ತೆರೆಯಿತು.

ಕಿಂಗ್ ಬಗ್ಗೆ ನನಗೆ ಬೇರೆ ಕಾರಣಕ್ಕೂ ಗೌರವ. 1970ರ ದಶಕದ ಕೊನೆಯಿಂದ ಅವರು ವಿದ್ಯಾರ್ಥಿಗಳಿಗೆ ತಮ್ಮ ಸಣ್ಣಕಥೆಗಳನ್ನು ಒಂದು ಡಾಲರ್‌ಗೆ ಕಿರುಚಿತ್ರ ಮಾಡಲು ಕೊಡುತ್ತಿದ್ದರು. ಶರತ್ತು ಇಷ್ಟೆ: ವ್ಯಾಪಾರ ಮಾಡಬಾರದು, ಒಂದು ಪ್ರತಿ ತಮಗೆ ಕಳಿಸಬೇಕು. ಹಾಗೆ ಒಂದು ಡಾಲರ್ ಕೊಟ್ಟ ಫ್ರ್ಯಾಂಕ್ ಡ್ಯಾರಬಾಂಟ್ ಎಂಬ ಹುಡುಗ ಮುಂದೆ 1994ರಲ್ಲಿ 'ದಿ ಶಾಶ್ಯಾಂಕ್ ರಿಡೆಂಪ್ಷನ್' ಮಾಡಿದ. ಆ ಏರ್ಪಾಡು 2023ರ ಕೊನೆಗೆ ಮುಚ್ಚಿತು. ನಮ್ಮಲ್ಲಿ ಯಾರಾದರೂ ಕಥೆಗಾರರು ನೂರು ರೂಪಾಯಿಗೆ ಒಂದು ಕಥೆ ಕೊಡುವುದಾದರೆ ನಾನು ಸಾಲಿನಲ್ಲಿ ಮೊದಲಿಗಳಾಗಿ ನಿಲ್ಲುತ್ತೇನೆ. ತೇಜಸ್ವಿಯವರ 'ನಿಗೂಢ ಮನುಷ್ಯರು' ಓದಿದಾಗಿನಿಂದ ಮಲೆನಾಡಿನ ಮಳೆಯನ್ನು ದೆವ್ವದ ಸಿನಿಮಾದಲ್ಲಿ ಸರಿಯಾಗಿ ಬಳಸಿದವರೇ ಇಲ್ಲವಲ್ಲ ಎಂಬ ಕೊರಗು ನನಗೆ.

ರೈಮಿಗಿಂತ ಮೊದಲೇ ನಮ್ಮ ದೇಶದಲ್ಲಿ ಒಂದು ಅಪ್ಪಟ ಮನೆ ಕಂಪನಿ ಹುಟ್ಟಿತ್ತು. ರಾಮ್ಸೆ ಸೋದರರು. ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದ ರಾಮ್‌ಸಿಂಘಾನಿ, ಬ್ರಿಟಿಷ್ ಗಿರಾಕಿಗಳ ನಾಲಿಗೆಯಲ್ಲಿ ರಾಮ್ಸೆ ಆದರು. ದೇಶ ಒಡೆದಾಗ ಮುಂಬಯಿಗೆ ಬಂದರು, ಏಳು ಗಂಡುಮಕ್ಕಳು. ಸಿನಿಮಾಕ್ಕೆ ಕೈಹಾಕಿದರು. 1970ರ 'ಏಕ್ ನನ್ಹೀ ಮುನ್ನೀ ಲಡಕೀ ಥೀ' ನೆಲ ಕಚ್ಚಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಬರುವ ಒಂದು ದೃಶ್ಯವಿತ್ತು. ಆ ದೃಶ್ಯಕ್ಕೆ ಮಾತ್ರ ಜನ ಬೆಚ್ಚುವುದನ್ನು ಥಿಯೇಟರಿನಲ್ಲಿ ಕೂತು ಗಮನಿಸಿದ ಮಕ್ಕಳು ಅಪ್ಪನಿಗೆ ಹೇಳಿದರು: ಇಡೀ ಸಿನಿಮಾ ಹೀಗೇ ಮಾಡೋಣ.

ಆಮೇಲಿನದು ನನಗೆ ತುಂಬ ಇಷ್ಟ. ಶ್ರೀನಗರದ ದೋಣಿಮನೆಯೊಂದರಲ್ಲಿ ಕೂತು, ಛಾಯಾಗ್ರಹಣದ ಒಂದು ಇಂಗ್ಲಿಷ್ ಕೈಪಿಡಿ ಇಟ್ಟುಕೊಂಡು ಏಳೂ ಜನ ಕಸುಬು ಕಲಿತರು. ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಒಬ್ಬ ಬರವಣಿಗೆ, ಒಬ್ಬ ಎಡಿಟಿಂಗ್, ನಿರ್ದೇಶನಕ್ಕೆ ತುಳಸಿ ಮತ್ತು ಶ್ಯಾಮ್. ಹೊರಗಿನವರಿಗೆ ಸಂಬಳವೇ ಇಲ್ಲ. ಬಸ್ಸಿನಲ್ಲಿ ಎಲ್ಲರನ್ನೂ ತುಂಬಿಕೊಂಡು ಮಹಾಬಲೇಶ್ವರಕ್ಕೆ ಹೋಗಿ, ಸರ್ಕಾರಿ ಅತಿಥಿಗೃಹದಲ್ಲಿ ಇಳಿದು, ಅಲ್ಲೇ ಊಟ ಅಲ್ಲೇ ಶೂಟಿಂಗ್. ಮನೆಯ ಹೆಂಗಸರು ಅಡುಗೆಗೆ. 1972ರಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ಹೀಗೆ ತಯಾರಾಯಿತು. ಗೆದ್ದಿತು. 1984ರ 'ಪುರಾನಾ ಮಂದಿರ್' ಅವರ ಅತಿ ದೊಡ್ಡ ಗೆಲುವು. ಅದರ ರಾಕ್ಷಸ ಸಾಮ್ರಿ ಆಗಿ ಬಂದ ಅನಿರುದ್ಧ ಅಗರ್‌ವಾಲ್ ಓದಿನಿಂದ ಎಂಜಿನಿಯರ್. ಎತ್ತರ ಮತ್ತು ಮುಖದಿಂದಲೇ ಆತ ಮೇಕಪ್ಪಿನ ಅರ್ಧ ಖರ್ಚು ಉಳಿಸಿದ. 1993ರಲ್ಲಿ 'ಜೀ ಹಾರರ್ ಶೋ' ಬಂದು ರಾಮ್ಸೆಗಳು ನಮ್ಮ ಅಮ್ಮಂದಿರ ಚಾವಡಿಗೇ ಬಂದು ಕೂತರು. ಹಿಂದಿ ಅರ್ಥವಾಗದಿದ್ದರೂ ಬಾಗಿಲು ಕಿರ್ರೆನ್ನುವುದು ಎಲ್ಲ ಭಾಷೆಯಲ್ಲೂ ಒಂದೇ.

ರಾಮ್ಸೆ ಚಿತ್ರಗಳೆಂದರೆ ವಿಮರ್ಶಕರು ಮೂಗು ಮುರಿಯುತ್ತಿದ್ದರು. ಸ್ನಾನದ ದೃಶ್ಯಗಳು, ಮಧ್ಯೆ ಬೇಡದ ಹಾಸ್ಯ, ಹೌದು, ನನಗೂ ಮುಂದಕ್ಕೆ ಓಡಿಸಬೇಕೆನಿಸುತ್ತದೆ. ಆದರೆ ಆ ಅತಿಥಿಗೃಹದ ಅಡುಗೆಮನೆಯಲ್ಲಿ ಯೂನಿಟ್ಟಿಗೆಲ್ಲ ರೊಟ್ಟಿ ಬೇಯಿಸಿದ ಹೆಂಗಸರ ಹೆಸರು ಯಾವ ಟೈಟಲ್ ಕಾರ್ಡಿನಲ್ಲೂ ನನಗೆ ಕಂಡಿಲ್ಲ. ನನ್ನ ಆಕ್ಷೇಪ ಇದ್ದರೆ ಅದು.

ಕನ್ನಡದಲ್ಲಿ ಈ ಕಸುಬಿನ ಸಾಲು ಉದ್ದವಿಲ್ಲ, ಆದರೆ ನಡುನಡುವೆ ಗಟ್ಟಿ ಕಲ್ಲುಗಳಿವೆ. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಹೆಣ್ಣು ದೆವ್ವ ಹೊಕ್ಕುವುದು ಅನಂತನಾಗ್ ಮೈಗೆ. ಗ್ರಾಫಿಕ್ಸ್ ಇಲ್ಲದ ಕಾಲ. ಸುಂದರ, ಮೃದು ಮಾತಿನ ನಟನೊಬ್ಬನ ಕಣ್ಣು ಬದಲಾಗುವುದೇ ಇಲ್ಲಿ ವಿಶೇಷ ದೃಶ್ಯ. ರಾಜನ್-ನಾಗೇಂದ್ರರ ಹಾಡುಗಳನ್ನು ನಮ್ಮ ಸ್ಟುಡಿಯೊಗೆ ಬರುವವರು ಈಗಲೂ ಮದುವೆ ವಿಡಿಯೊಕ್ಕೆ ಹಾಕಿ ಎನ್ನುತ್ತಾರೆ. ದೆವ್ವದ ಸಿನಿಮಾದ ಹಾಡೆಂದು ನಾನೂ ಬಾಯಿ ಬಿಡುವುದಿಲ್ಲ. 1993ರಲ್ಲಿ ಉಪೇಂದ್ರ 'ಶ್!' ಮಾಡಿದರು. ಕಾಶೀನಾಥ್ ಗರಡಿಯಿಂದ ಬಂದ ಹುಡುಗನ ಎರಡನೆಯ ಚಿತ್ರ. ಕುಮಾರ್ ಗೋವಿಂದ್ ನಾಯಕ, ಸಾಧು ಕೋಕಿಲರ ಸಂಗೀತದ ಮೊದಲ ಪ್ರಯತ್ನ, ಗುರು ಕಾಶೀನಾಥರೂ ಒಂದು ಪಾತ್ರದಲ್ಲಿ. ಸಿನಿಮಾ ತೆಗೆಯಲು ಹೋದ ತಂಡವನ್ನೇ ದೆವ್ವದ ಭಯ ಸುತ್ತಿಕೊಳ್ಳುವ ಕಥೆ. ಲೈಟು, ಕ್ಯಾಮೆರಾ, ಯೂನಿಟ್ಟಿನ ಜನ, ಇವೆಲ್ಲ ಸಿನಿಮಾ ತಯಾರಿಸುವವರ ಬಳಿ ಹೇಗೂ ಇರುತ್ತವೆ, ಅವನ್ನೇ ಕಥೆಯೊಳಗೆ ತಂದುಬಿಟ್ಟರೆ ಬೇರೆ ಸೆಟ್ ಯಾಕೆ? ಕನ್ನಡದಲ್ಲಿ ನನ್ನ ಮೆಚ್ಚಿನ ಹೆದರಿಕೆ ಚಿತ್ರ ಇದೇ.

2004ರ 'ಆಪ್ತಮಿತ್ರ' ನನಗೆ ಅಷ್ಟು ಹತ್ತಿರದ್ದಲ್ಲ. ಮಲಯಾಳದ 'ಮಣಿಚಿತ್ರತ್ತಾಳ್' ಮೂಲ. ದೆವ್ವವಲ್ಲ, ಮನಸ್ಸಿನ ಕಾಯಿಲೆ ಎನ್ನುವ ಕಥೆ. ಆದರೆ ಕನ್ನಡಕ್ಕೆ ಬರುವಾಗ ಅದರಲ್ಲಿ ಬೆಳಕೂ ಝಗಮಗವೂ ಹೆಚ್ಚಾಯಿತು. ಸೌಂದರ್ಯ ಮಾತ್ರ ಅದ್ಭುತ. ಚಿತ್ರ ಬಿಡುಗಡೆಗೆ ಮೊದಲೇ ಆಕೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದರ ಮುಂದುವರಿದ ಭಾಗ 'ಆಪ್ತರಕ್ಷಕ' ತೆರೆಗೆ ಬರುವ ಮೊದಲು ನಾಯಕ ವಿಷ್ಣುವರ್ಧನ್ ಹೋದರು. ಈ ಎರಡು ಸಾವನ್ನೂ ಆ ಕಥೆಯ ನಾಗವಲ್ಲಿ ಎಂಬ ಪ್ರೇತದ ಲೆಕ್ಕಕ್ಕೆ ಬರೆದವರಿದ್ದಾರೆ. ಹಾರರ್ ಪ್ರೇಮಿಯಾಗಿ ಹೇಳುತ್ತೇನೆ, ಅದು ಹಾರರ್ ಅಲ್ಲ, ಬರೀ ಅಸಹ್ಯ.

ಕರ್ನಾಟಕದಲ್ಲಿ ತಯಾರಾದ ಅತಿ ಅಗ್ಗದ ಹೆದರಿಕೆಗೆ ಕ್ಯಾಮೆರಾವೇ ಬೇಕಾಗಿರಲಿಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಒಂದು ಸುದ್ದಿ ಹಬ್ಬಿತು. ರಾತ್ರಿ ಒಬ್ಬಳು ಬಂದು ಪರಿಚಯದವರ ದನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆರೆದರೆ ಮುಗಿಯಿತು. ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರು. ಅವಳು ಓದಿ ಹಿಂದಿರುಗುತ್ತಾಳೆ, ಮರುದಿನವೂ ಅದೇ ಸಾಲು. ಒಂದು ತುಂಡು ಸೀಮೆಸುಣ್ಣದ ಖರ್ಚು. 2018ರಲ್ಲಿ ಹಿಂದಿಯವರು ಇದನ್ನೇ ಎತ್ತಿಕೊಂಡು 'ಸ್ತ್ರೀ' ಮಾಡಿ ಕೋಟಿಗಟ್ಟಲೆ ಗಳಿಸಿದರು. ನಮ್ಮ ನಿರ್ಮಾಪಕರು ಆಗ ಏನು ಮಾಡುತ್ತಿದ್ದರೋ.

ಕೈಕ್ಯಾಮೆರಾ ಅಗ್ಗವಾದ ಮೇಲೆ ಕಸುಬಿನ ಬಾಗಿಲು ಪೂರ್ತಿ ತೆರೆಯಿತು. 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್'ನಲ್ಲಿ ಮೂವರು ನಟರ ಕೈಗೇ ಕ್ಯಾಮೆರಾ ಕೊಟ್ಟು ಮೇರಿಲ್ಯಾಂಡ್‌ನ ಕಾಡಿಗೆ ಬಿಟ್ಟರು. ಎಂಟು ದಿನದ ಶೂಟಿಂಗ್, ದಿನದಿಂದ ದಿನಕ್ಕೆ ಊಟ ಕಡಿಮೆ ಮಾಡಿದರಂತೆ. ಮಾಟಗಾತಿ ಒಮ್ಮೆಯೂ ಕಾಣುವುದಿಲ್ಲ. ವಿಡಿಯೊ ಗೇಮ್ ಪ್ರೋಗ್ರಾಮರ್ ಓರೆನ್ ಪೆಲಿ ತನ್ನ ಸ್ವಂತ ಮನೆಯ ಮಲಗುವ ಕೋಣೆಯಲ್ಲಿ ಸುಮಾರು 15,000 ಡಾಲರ್‌ನಲ್ಲಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಮುಗಿಸಿದ. ಕನ್ನಡದಲ್ಲಿ 2013ರಲ್ಲಿ ಕೆ.ಎಸ್. ಅಶೋಕ '6-5=2' ಮಾಡಿದರು. ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಉಳಿದದ್ದು ಎಂಬ ನೆಪ, ಹೆಸರಿಲ್ಲದ ನಟರು, ಅಲುಗಾಡುವ ಚಿತ್ರ. ಸ್ಟಾರ್ ಇಲ್ಲದೆ ಜನ ಬಂದರು. ಅದನ್ನು ನಿಜವೆಂದೇ ನಂಬಿ ಜಗಳಕ್ಕೆ ನಿಂತ ಅಣ್ಣಂದಿರು ನಮ್ಮೂರಿನಲ್ಲೂ ಇದ್ದರು.

ನನ್ನ ಕಂಪನಿಯೂ ರಾಮ್ಸೆ ಮಾದರಿಯದ್ದೇ. ಕ್ಯಾಮೆರಾ ನನ್ನ ಮೊಬೈಲ್. ಬೆಳಕಿಗೆ ಟಾರ್ಚು, ಅದರ ಮುಂದೆ ತಂಗಿ ಹಿಡಿದ ತೆಳ್ಳನೆಯ ಬೈರಾಸು. ರಕ್ತಕ್ಕೆ ಪುನರ್ಪುಳಿ ರಸವನ್ನು ಬೆಲ್ಲದ ಪಾಕದಲ್ಲಿ ಕುದಿಸಿ ದಪ್ಪ ಮಾಡುತ್ತೇವೆ. ಬಣ್ಣ ಪೇಟೆಯಲ್ಲಿ ಸಿಗುವುದಕ್ಕಿಂತ ಚೆನ್ನ, ಆದರೆ ಇರುವೆ ಮುತ್ತಿಕೊಳ್ಳುತ್ತದೆ, ಹೆಣವಾಗಿ ಮಲಗಿದವರು ಅಲ್ಲಾಡಿಬಿಡುತ್ತಾರೆ. ಲೊಕೇಶನ್ ಅಡಿಕೆ ತೋಟ. ತೋಟದಲ್ಲಿ ರಾತ್ರಿ ಹಾಳೆ ಬೀಳುವುದನ್ನು ಕೇಳಿದವರಿಗೆ ಗೊತ್ತು: ಮೊದಲು ಮೇಲೆಲ್ಲೋ ಸರಸರ, ಆಮೇಲೆ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ದಬ್. ನಡುವಿನ ಆ ಗಳಿಗೆಯನ್ನು ಹಿಡಿಯಲು ನಾನು ಮೊಬೈಲ್ ಹಿಡಿದು ತೋಟದಲ್ಲಿ ಕೂತಿರುತ್ತೇನೆ, ಸೊಳ್ಳೆ ಕಚ್ಚಿಸಿಕೊಂಡು. ಬೇಕೆಂದಾಗ ಬೀಳುವುದಿಲ್ಲ.

ದೆವ್ವದ ಪಾತ್ರಕ್ಕೆ ಕಾಯಂ ಕಲಾವಿದೆ ನನ್ನ ಅತ್ತೆ. ಉದ್ದ ಕೂದಲು, ನಿಧಾನ ನಡಿಗೆ, ಹೇಳಿದಲ್ಲಿ ಕಲ್ಲಿನಂತೆ ನಿಲ್ಲುತ್ತಾರೆ. ಬರುವ ಮಳೆಗಾಲದ ಚಿತ್ರಕ್ಕೆ ಕೇಳಲು ಹೋದಾಗ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದರು. ಕಥೆ ಕೇಳಲಿಲ್ಲ. "ಬಿಳಿ ಸೀರೆ ಅಂತ ಹೇಳಿದ್ರೆ ಬರುದಿಲ್ಲ ಮಾರಾಯ್ತಿ, ಆ ಕೆಸರನ್ನು ಒಗೆಯುದು ಯಾರು?" ಎಂದರು. ನಾನು ಮಾತಾಡಲಿಲ್ಲ. "ದೆವ್ವಕ್ಕೆ ನೈಟಿ ಆಗುದಿಲ್ವಾ? ರಾತ್ರಿ ಸತ್ತವಳು ನೈಟಿಯಲ್ಲೇ ಇರ್ತಾಳಲ್ಲ." ಹೂವಿನ ಚಿತ್ತಾರದ, ಹತ್ತಾರು ಸಲ ಒಗೆದು ಮಾಸಿದ ನೈಟಿ. ತೋಟದ ಅಂಚಿನಲ್ಲಿ, ಪಂಪ್‌ಶೆಡ್ಡಿನ ಬಲ್ಬಿನ ಕೆಳಗೆ, ಮೈ ಅರ್ಧ ಕಾಣುವಂತೆ. ಯೋಚಿಸಿದಷ್ಟೂ ಚೆನ್ನಾಗಿ ಕಾಣುತ್ತಿದೆ. ಸ್ಕ್ರಿಪ್ಟಿನಲ್ಲಿ ಸೀರೆ ಇದ್ದ ಕಡೆಯೆಲ್ಲ ತಿದ್ದುತ್ತಿದ್ದೇನೆ.